ಅಂಟು ಮತ್ತು ಅಂಚು: ಲೋಹದ ಮೇಲ್ಮೈಯ ಲೆಕ್ಕ ಬಿಡಿಸಿದವರು

ಸೊಸೈಟಿಯಿಂದ ರೈತರು ಹೊತ್ತು ತರುವ ಯೂರಿಯಾ ಚೀಲದ ತೂಕ 45 ಕಿಲೋ. ಅದರಲ್ಲಿ ನೂರಕ್ಕೆ 46 ಪಾಲು ಸಾರಜನಕ. ಅಂದರೆ ಚೀಲವೊಂದಕ್ಕೆ 20 ಕಿಲೋಗಿಂತ ತುಸು ಹೆಚ್ಚು. ಅಷ್ಟೂ ಸಾರಜನಕ ಗಾಳಿಯಿಂದ ಬಂದದ್ದು. ಗಾಳಿಯಿಂದ ಚೀಲಕ್ಕೆ ಇಳಿಯುವ ದಾರಿಯಲ್ಲಿ ಅದರ ಒಂದೊಂದು ಪರಮಾಣುವೂ ಯಾವುದೋ ಕಾರ್ಖಾನೆಯ ಕೊಳವೆಯೊಳಗೆ, ಬಹುಮಟ್ಟಿಗೆ ಕಬ್ಬಿಣದ ಮೇಲ್ಮೈಯೊಂದಕ್ಕೆ, ಗಳಿಗೆ ಹೊತ್ತು ಅಂಟಿಕೊಂಡು ಕೂತಿತ್ತು. ಆ ಗಳಿಗೆಯಲ್ಲಿ ಏನು ನಡೆಯುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಹೇಳುವುದನ್ನೇ ಬದುಕಿನ ಕೆಲಸ ಮಾಡಿಕೊಂಡವರಿದ್ದಾರೆ. ಗಣನಾತ್ಮಕ ರಸಾಯನವಿಜ್ಞಾನಿಗಳು ಎಂದು ಅವರನ್ನು ಕರೆಯುತ್ತಾರೆ. ಅವರ ಕೆಲಸ ಎಂಥದು ಎಂದು ತಿಳಿಯಲು ನನಗೆ ಗೊತ್ತಿರುವ ಒಳ್ಳೆಯ ದಾರಿ ಡೆನ್ಮಾರ್ಕಿನ ಯೆನ್ಸ್ ನೋರ್ಸ್ಕೋವ್ ಅವರ ವೃತ್ತಿಜೀವನವನ್ನು ಹಿಂಬಾಲಿಸುವುದು.

ಅದಕ್ಕೂ ಮೊದಲು ಶಾಲೆಯಲ್ಲಿ ಬಾಯಿಪಾಠ ಮಾಡಿದ ಒಂದು ವಾಕ್ಯವನ್ನು ತಿದ್ದಿಕೊಳ್ಳಬೇಕು. 'ಕ್ರಿಯಾವರ್ಧಕವು ತಾನು ಕ್ರಿಯೆಯಲ್ಲಿ ಪಾಲ್ಗೊಳ್ಳದೆ ಅದರ ವೇಗವನ್ನು ಹೆಚ್ಚಿಸುತ್ತದೆ.' ಪರೀಕ್ಷೆಯಲ್ಲಿ ನಾನೂ ಹೀಗೆಯೇ ಬರೆದು ಅಂಕ ಪಡೆದಿದ್ದೇನೆ. ಇದು ತಪ್ಪು. ಕ್ರಿಯಾವರ್ಧಕ ಪಾಲ್ಗೊಳ್ಳುತ್ತದೆ, ಅದೂ ಮೈಯೆಲ್ಲ ತೊಡಗಿಸಿ. ಕಬ್ಬಿಣವು ಸಾರಜನಕದ ಅಣುವನ್ನು ಹಿಡಿಯುತ್ತದೆ, ಎರಡಾಗಿ ಸೀಳುತ್ತದೆ, ಸೀಳಿದ್ದನ್ನು ಜಲಜನಕದ ಜೊತೆ ಕೂಡಿಸುತ್ತದೆ, ಹುಟ್ಟಿದ ಅಮೋನಿಯಾವನ್ನು ಕಳುಹಿಸಿಕೊಡುತ್ತದೆ. ಇಷ್ಟೆಲ್ಲ ಆದ ಮೇಲೆ ಮೊದಲಿದ್ದ ಸ್ಥಿತಿಗೆ ಮರಳುತ್ತದೆ. ಮರಳುತ್ತದೆ ಎಂಬುದನ್ನೇ ನಾವು ಪಾಲ್ಗೊಳ್ಳಲಿಲ್ಲ ಎಂದು ಓದಿಕೊಂಡೆವು.

ಕರಾವಳಿಯಿಂದ ಹಾಸನಕ್ಕೆ ಹೊರಟವರು ಘಟ್ಟ ಹತ್ತಲೇಬೇಕು. ಕಡಿದಾದ ಬೆಟ್ಟದ ನೆತ್ತಿಯನ್ನೇ ಹತ್ತಿ ಇಳಿಯುತ್ತೇನೆಂದರೆ ಹೋಗಿ ಮುಟ್ಟುವವರು ವಿರಳ. ಶಿರಾಡಿಯ ದಾರಿ ಹಿಡಿದರೆ ಏರು ಕಡಿಮೆ, ಹೆಚ್ಚು ಜನ ಬೇಗ ತಲಪುತ್ತಾರೆ. ಕ್ರಿಯಾವರ್ಧಕ ತೋರಿಸುವುದು ಇಂಥ ದಾರಿಯನ್ನು. ಬೆಟ್ಟ ಅಲ್ಲೇ ಇರುತ್ತದೆ. ಮಂಗಳೂರಿನ ಎತ್ತರವೂ ಹಾಸನದ ಎತ್ತರವೂ ಬದಲಾಗುವುದಿಲ್ಲ. ನಡುವೆ ಹತ್ತಬೇಕಾದ ಏರು ಮಾತ್ರ ತಗ್ಗುತ್ತದೆ. ಆ ಏರಿಗೆ ಸಕ್ರಿಯಣ ಶಕ್ತಿ ಎಂದು ಹೆಸರು. ಸಾರಜನಕದ ಮಟ್ಟಿಗೆ ಬೆಟ್ಟ ಬಹಳ ಎತ್ತರದ್ದು. ಅದರ ಎರಡು ಪರಮಾಣುಗಳ ನಡುವಿನ ಮೂರೆಳೆಯ ಬಂಧವನ್ನು ಕಡಿಯಲು ಒಂದು ಮೋಲ್‌ಗೆ 945 ಕಿಲೋಜೂಲ್ ಬೇಕು. ನಾವು ಉಸಿರಾಡುವ ಗಾಳಿಯ ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚು ಸಾರಜನಕವೇ ಆಗಿದ್ದರೂ ಗಿಡಗಳು ಅದನ್ನು ನೇರವಾಗಿ ಬಳಸಲಾರದೆ ಸೊರಗುವುದು ಇದೇ ಕಾರಣಕ್ಕೆ.

ಈ ಬಂಧವನ್ನು ಕಾರ್ಖಾನೆಯ ಮಟ್ಟದಲ್ಲಿ ಕಡಿಯುವ ದಾರಿಯನ್ನು ಜರ್ಮನಿಯ ಫ್ರಿಟ್ಸ್ ಹೇಬರ್ ಮತ್ತು ಕಾರ್ಲ್ ಬಾಷ್ ಕಂಡುಕೊಂಡರು. 1913ರಲ್ಲಿ ಓಪ್ಪೌ ಎಂಬಲ್ಲಿ ಮೊದಲ ಕಾರ್ಖಾನೆ ಶುರುವಾಯಿತು. ಆದರೆ ಸರಿಯಾದ ಕ್ರಿಯಾವರ್ಧಕ ಸಿಕ್ಕಿದ್ದು ಆಲ್ವಿನ್ ಮಿಟ್ಟಾಶ್ ಎಂಬವರ ಅಸಾಧಾರಣ ತಾಳ್ಮೆಯಿಂದ. ಸಿಕ್ಕ ಸಿಕ್ಕ ಲೋಹ, ಸಿಕ್ಕ ಸಿಕ್ಕ ಅದಿರು, ಬಗೆಬಗೆಯ ಬೆರಕೆ ಎಲ್ಲವನ್ನೂ ಹಾಕಿ ನೋಡಿದರು, ಪ್ರಯೋಗಗಳು ಸಾವಿರಾರು. ಕೊನೆಗೆ ಸ್ವೀಡನ್ನಿನ ಮ್ಯಾಗ್ನಟೈಟ್ ಅದಿರಿನ ಒಂದು ಮಾದರಿ ದಾರಿ ತೋರಿಸಿತು. ಅದರಲ್ಲಿದ್ದ ಕಲ್ಮಶಗಳೇ ಕಬ್ಬಿಣವನ್ನು ಚುರುಕುಗೊಳಿಸಿದ್ದವು. ಇವತ್ತಿಗೂ ಅಮೋನಿಯಾ ಕಾರ್ಖಾನೆಗಳಲ್ಲಿ ಬಹುಪಾಲು ಇರುವುದು ಅದೇ ಮನೆತನದ ಕಬ್ಬಿಣ. ಅದು ಏಕೆ ಕೆಲಸ ಮಾಡುತ್ತದೆ ಎಂಬುದು ಹತ್ತಿರ ಹತ್ತಿರ ಎಪ್ಪತ್ತು ವರ್ಷ ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಗೆರ್ಹಾರ್ಡ್ ಎರ್ಟ್ಲ್ ಶುದ್ಧ ಕಬ್ಬಿಣದ ಹರಳುಗಳನ್ನು ನಿರ್ವಾತದಲ್ಲಿಟ್ಟು, ಒಂದೊಂದೇ ಹೆಜ್ಜೆಯನ್ನು ಅಳೆದು ಅದನ್ನು ಬಿಡಿಸಿದರು. ಇಡೀ ಕ್ರಿಯೆಯನ್ನು ತಡೆದು ನಿಲ್ಲಿಸುವ ಹೆಜ್ಜೆ ಸಾರಜನಕದ ಸೀಳುವಿಕೆಯೇ ಎಂಬುದು ಆಗ ಸ್ಪಷ್ಟವಾಯಿತು. 2007ರ ರಸಾಯನ ನೊಬೆಲ್ ಅವರಿಗೆ ಬಂತು.

ನೋರ್ಸ್ಕೋವ್ ಈ ಕಥೆಯೊಳಗೆ ಬರುವುದು ಇಲ್ಲಿ. 1952ರಲ್ಲಿ ಹುಟ್ಟಿದ ಅವರು ಓದಿದ್ದು ರಸಾಯನಶಾಸ್ತ್ರವನ್ನಲ್ಲ, ಸೈದ್ಧಾಂತಿಕ ಭೌತಶಾಸ್ತ್ರವನ್ನು. 1979ರಲ್ಲಿ ಆರ್ಹುಸ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮುಗಿಸಿ, ಅಮೆರಿಕದ ಐಬಿಎಂ ಸಂಶೋಧನಾಲಯದಲ್ಲಿ ಕೆಲಸ ಮಾಡಿ, ಡೆನ್ಮಾರ್ಕಿಗೆ ಮರಳಿದ ಮೇಲೆ ಹಾಲ್ಡೋರ್ ಟಾಪ್ಸೋ ಎಂಬ ಕಂಪನಿಯ ಸಂಶೋಧನಾ ವಿಭಾಗಕ್ಕೂ ಸೇರಿದ್ದರು. ಟಾಪ್ಸೋ ಕ್ರಿಯಾವರ್ಧಕಗಳನ್ನೇ ತಯಾರಿಸಿ ಜಗತ್ತಿಗೆ ಮಾರುವ ಕಂಪನಿ. ಸಮೀಕರಣ ಬರೆಯುವ ಭೌತವಿಜ್ಞಾನಿಯೊಬ್ಬ, ಅಮೋನಿಯಾ ಕಾರ್ಖಾನೆಗಳಿಗೆ ಮಾಲು ಕೊಡುವವರ ನಡುವೆ ಹೋಗಿ ಕೂತದ್ದು ಅವರ ಮುಂದಿನ ಎಲ್ಲ ಕೆಲಸದ ದಿಕ್ಕನ್ನು ನಿರ್ಧರಿಸಿತು ಎಂದು ನನಗೆ ಅನಿಸುತ್ತದೆ.

ಅಲ್ಲಿ ಪರ್ ಸ್ಟೋಲ್ಟ್ಸೆ ಅವರೊಂದಿಗೆ ಸೇರಿ 1985ರಲ್ಲಿ ಪ್ರಕಟಿಸಿದ ಕೆಲಸ ನೋಡಿ. ಎರ್ಟ್ಲ್ ಅಳತೆ ಮಾಡಿದ್ದು ನಿರ್ವಾತದಲ್ಲಿ, ಕನ್ನಡಿಯಂಥ ಹರಳಿನ ಮೇಲೆ. ಕಾರ್ಖಾನೆಯಲ್ಲಿ ಇರುವುದು ನೂರಾರು ಪಟ್ಟು ವಾಯುಭಾರದ ಒತ್ತಡ, ಪುಡಿಯಾದ ಕಬ್ಬಿಣ. ಒಂದರ ಅಂಕಿಗಳನ್ನು ಇನ್ನೊಂದಕ್ಕೆ ಅನ್ವಯಿಸುವುದು ಸಾಧ್ಯವೇ ಎಂದು ಅನೇಕರಿಗೆ ಅನುಮಾನವಿತ್ತು. ಇವರಿಬ್ಬರು ನಿರ್ವಾತದ ಅಳತೆಗಳನ್ನೇ ಇಟ್ಟುಕೊಂಡು, ಒಂದೊಂದು ಹೆಜ್ಜೆಯ ವೇಗವನ್ನೂ ಪೋಣಿಸಿ, ಕಾರ್ಖಾನೆಯ ಒತ್ತಡದಲ್ಲಿ ಎಷ್ಟು ಅಮೋನಿಯಾ ಹೊರಬರಬೇಕು ಎಂದು ಲೆಕ್ಕ ಹಾಕಿದರು. ನಿಜವಾದ ಉತ್ಪಾದನೆಗೆ ಅದು ಹೊಂದಿತು. ಪರಮಾಣುವಿನ ಮಟ್ಟದ ತಿಳಿವಳಿಕೆಯಿಂದ ಕಾರ್ಖಾನೆಯ ತನಕ ದಾರಿ ಇದೆ ಎಂಬುದಕ್ಕೆ ಅದು ಸಾಕ್ಷಿಯಾಯಿತು. ಉಳಿದದ್ದು ಒಂದೇ ಪ್ರಶ್ನೆ: ಆ ಅಳತೆಗಳನ್ನೂ ಪ್ರಯೋಗವಿಲ್ಲದೆ, ಬರಿಯ ಲೆಕ್ಕದಿಂದ ಪಡೆಯಬಹುದೇ?

ಲೆಕ್ಕ ಹಾಕುವುದು ಹೇಗೆ

ಪರಮಾಣುಗಳು ಒಂದಕ್ಕೊಂದು ಅಂಟುವುದು ಎಲೆಕ್ಟ್ರಾನುಗಳ ಮೂಲಕ. ಎಲೆಕ್ಟ್ರಾನುಗಳ ನಡತೆಯನ್ನು ಹೇಳುವ ಶ್ರೋಡಿಂಗರ್ ಸಮೀಕರಣ 1926ರಿಂದ ನಮ್ಮ ಬಳಿ ಇದೆ. ಕಷ್ಟವಿರುವುದು ಬಿಡಿಸುವುದರಲ್ಲಿ. ಪ್ರತಿಯೊಂದು ಎಲೆಕ್ಟ್ರಾನೂ ಉಳಿದ ಎಲ್ಲವನ್ನೂ ದೂಡುತ್ತಿರುತ್ತದೆ, ಒಂದು ಅಲುಗಿದರೆ ಎಲ್ಲವೂ ಅಲುಗುತ್ತವೆ. ಹತ್ತಿಪ್ಪತ್ತು ಕಬ್ಬಿಣದ ಪರಮಾಣುಗಳೆಂದರೆ ನೂರಾರು ಎಲೆಕ್ಟ್ರಾನುಗಳು. ಅಷ್ಟನ್ನೂ ಒಟ್ಟಿಗೆ ಬಿಡಿಸುವ ಕಂಪ್ಯೂಟರ್ ಇಲ್ಲ, ಮುಂದೆಯೂ ಬರುವ ಲಕ್ಷಣವಿಲ್ಲ. 1964 ಮತ್ತು 1965ರಲ್ಲಿ ವಾಲ್ಟರ್ ಕೋನ್ ಮತ್ತು ಸಂಗಡಿಗರು ಇದಕ್ಕೊಂದು ಅಡ್ಡದಾರಿ ತೋರಿಸಿದರು. ಯಾವ ಎಲೆಕ್ಟ್ರಾನ್ ಎಲ್ಲಿದೆ ಎಂದು ಕೇಳಬೇಡಿ, ಯಾವ ಜಾಗದಲ್ಲಿ ಎಲೆಕ್ಟ್ರಾನುಗಳ ದಟ್ಟಣೆ ಎಷ್ಟಿದೆ ಎಂದಷ್ಟೇ ಕೇಳಿ. ಒಟ್ಟು ಶಕ್ತಿಯನ್ನು ಹೇಳಲು ಅಷ್ಟು ಸಾಕು ಎಂದು ಅವರು ಸಾಧಿಸಿದರು. ಜಾತ್ರೆಯಲ್ಲಿ ಯಾರ್ಯಾರು ಎಲ್ಲಿ ನಿಂತಿದ್ದಾರೆ ಎಂಬ ಪಟ್ಟಿಯ ಬದಲು ಎಲ್ಲಿ ಜನ ದಟ್ಟ, ಎಲ್ಲಿ ವಿರಳ ಎಂಬ ಒಂದು ನಕ್ಷೆ ಇದ್ದರೆ ಸಾಕಾದ ಹಾಗೆ. ಸಾಂದ್ರತಾ ಫಲನ ಸಿದ್ಧಾಂತ ಎಂಬ ಈ ವಿಧಾನಕ್ಕಾಗಿ ಕೋನ್ 1998ರ ರಸಾಯನ ನೊಬೆಲ್ ಹಂಚಿಕೊಂಡರು. ಕ್ರಿಯಾವರ್ಧಕಗಳ ಲೆಕ್ಕ ಹಾಕುವವರ ದಿನನಿತ್ಯದ ಉಪಕರಣ ಇದೇ.

ದಿನದ ಕೆಲಸ ಹೀಗಿರುತ್ತದೆ. ಕಂಪ್ಯೂಟರಿನಲ್ಲಿ ಲೋಹದ ಒಂದು ತೆಳುವಾದ ಹಲಗೆಯನ್ನು ಕಟ್ಟಬೇಕು: ನಾಲ್ಕು ಪದರ, ಪದರಕ್ಕೆ ನಾಲ್ಕೋ ಒಂಬತ್ತೋ ಪರಮಾಣು. ಅದೇ ಹಲಗೆ ಎಡಬಲಕ್ಕೆ ಕೊನೆಯಿಲ್ಲದೆ ಮರುಕಳಿಸುತ್ತದೆ ಎಂದು ಪ್ರೋಗ್ರಾಮಿಗೆ ಹೇಳಬೇಕು, ಮೇಲೆ ಒಂದಿಷ್ಟು ಬರಿದಾದ ಜಾಗ ಬಿಡಬೇಕು. ಆ ಜಾಗದಲ್ಲಿ ಸಾರಜನಕದ ಪರಮಾಣುವನ್ನು ಇಟ್ಟು ಲೆಕ್ಕವನ್ನು ಸರತಿಗೆ ಕಳುಹಿಸಬೇಕು. ಪ್ರೋಗ್ರಾಮು ಎಲೆಕ್ಟ್ರಾನುಗಳ ದಟ್ಟಣೆಯನ್ನು ಮೊದಲು ಊಹಿಸುತ್ತದೆ, ಊಹೆಯಿಂದ ಹೊಸ ದಟ್ಟಣೆ ಕಂಡುಹಿಡಿಯುತ್ತದೆ, ಹಳೆಯದೂ ಹೊಸದೂ ಒಂದೇ ಆಗುವ ತನಕ ತಿರುತಿರುಗಿ ತಿದ್ದುತ್ತದೆ. ಆಮೇಲೆ ಪರಮಾಣುಗಳನ್ನು ಕೂದಲೆಳೆಯಷ್ಟು ಸರಿಸಿ ಮತ್ತೆ ಅದೇ ಸುತ್ತು. ಕೊನೆಗೆ ಸಿಗುವುದು ಒಂದು ಸಂಖ್ಯೆ: ಒಟ್ಟು ಶಕ್ತಿ. ಸಾರಜನಕವಿಲ್ಲದ ಹಲಗೆಗೂ ಹೀಗೇ ಮಾಡಿ, ಒಂಟಿ ಸಾರಜನಕಕ್ಕೂ ಮಾಡಿ, ಕಳೆದರೆ ಬರುವುದೇ ಅಂಟಿನ ಬಲ.

ಕಳೆಯುವ ಈ ಹೆಜ್ಜೆಯಲ್ಲೇ ಅಪಾಯವಿದೆ. ಕಬ್ಬು ತುಂಬಿದ ಲಾರಿಯನ್ನು ಕಾರ್ಖಾನೆಯ ವೇಬ್ರಿಡ್ಜ್ ಮೇಲೆ ತೂಗಿ, ಒಂದು ಜಲ್ಲೆ ಎಳೆದುಕೊಂಡು ಮತ್ತೆ ತೂಗಿ, ಎರಡರ ವ್ಯತ್ಯಾಸದಿಂದ ಆ ಜಲ್ಲೆಯ ತೂಕ ಹೇಳಿದಂತೆ ಇದು. ದೊಡ್ಡ ಸಂಖ್ಯೆಗಳಲ್ಲಿ ಇಣುಕಿದ ಸಣ್ಣ ತಪ್ಪು ಉತ್ತರವನ್ನೇ ನುಂಗಬಹುದು. ಎರಡು ಸಲವೂ ತಪ್ಪು ಒಂದೇ ದಿಕ್ಕಿಗೆ ಇರುವುದರಿಂದ ಬಹಳಷ್ಟು ಕಳೆದುಹೋಗುತ್ತದೆ ಎಂಬುದೇ ಈ ವಿದ್ಯೆಯನ್ನು ಉಳಿಸಿರುವ ಸಂಗತಿ. ಹಾಗಿದ್ದರೂ 0.1ರಿಂದ 0.2 ಎಲೆಕ್ಟ್ರಾನ್ ವೋಲ್ಟಿನಷ್ಟು (ಪರಮಾಣುವಿನ ಮಟ್ಟದಲ್ಲಿ ಶಕ್ತಿ ಅಳೆಯುವ ಮಾನ ಇದು) ಅನಿಶ್ಚಿತತೆ ಉಳಿಯುವುದು ಸಾಮಾನ್ಯ. ಅದು ಚಿಕ್ಕದೆಂದು ಕಾಣಬಹುದು. ಆದರೆ ಕ್ರಿಯೆಯ ವೇಗ ಏರಿನ ಎತ್ತರಕ್ಕೆ ಘಾತೀಯವಾಗಿ ಬದಲಾಗುವುದರಿಂದ, 500 ಕೆಲ್ವಿನ್ ಉಷ್ಣತೆಯಲ್ಲಿ 0.1 ಎಲೆಕ್ಟ್ರಾನ್ ವೋಲ್ಟ್ ತಪ್ಪಿದರೆ ವೇಗ ಸುಮಾರು ಹತ್ತು ಪಟ್ಟು ತಪ್ಪುತ್ತದೆ. ಕೋಣೆಯ ಉಷ್ಣತೆಯಲ್ಲಿ ಹೆಚ್ಚುಕಡಿಮೆ ಐವತ್ತು ಪಟ್ಟು. ಈ ಕ್ಷೇತ್ರದಲ್ಲಿರುವ ಪ್ರಾಮಾಣಿಕರು ಸದಾ ನೆನಪಿಟ್ಟುಕೊಳ್ಳುವ ಲೆಕ್ಕ ಇದು. ಅದಕ್ಕೇ ಅವರು ಒಂದು ಲೋಹದ ನಿಖರ ವೇಗಕ್ಕಿಂತ, ಹತ್ತು ಲೋಹಗಳಲ್ಲಿ ಯಾವುದು ಮುಂದೆ, ಯಾವುದು ಹಿಂದೆ ಎಂಬ ಸಾಲಿನ ಮೇಲೆ ಹೆಚ್ಚು ಭರವಸೆ ಇಡುತ್ತಾರೆ.

ಅಂಟಿಯೂ ಅಂಟದಂತೆ

ಸಾಲು ಹಚ್ಚುವುದಕ್ಕೆ ಒಂದು ಅಳತೆಗೋಲು ಬೇಕು. ಫ್ರಾನ್ಸಿನ ಪಾಲ್ ಸಬಾಟಿಯೇ, 1912ರ ನೊಬೆಲ್ ಹಂಚಿಕೊಂಡವರು, ಅದರ ಸುಳಿವನ್ನು ಬಹಳ ಹಿಂದೆಯೇ ಕೊಟ್ಟಿದ್ದರು. ಒಳ್ಳೆಯ ಕ್ರಿಯಾವರ್ಧಕ ಅಣುವನ್ನು ಹಿಡಿಯಬೇಕು, ಆದರೆ ಹಿಡಿದೇ ಇರಬಾರದು. ಟಂಗ್‌ಸ್ಟನ್, ಮಾಲಿಬ್ಡಿನಂಗಳು ಸಾರಜನಕವನ್ನು ಎಷ್ಟು ಬಿಗಿಯಾಗಿ ಅಪ್ಪುತ್ತವೆಂದರೆ, ಸೀಳಿದ ಮೇಲೆ ಬಿಡುವುದೇ ಇಲ್ಲ; ಮೇಲ್ಮೈ ತುಂಬಿಹೋಗಿ ಮುಂದಿನ ಅಣುವಿಗೆ ಜಾಗವಿಲ್ಲ. ಕೋಬಾಲ್ಟ್, ನಿಕ್ಕಲ್‌ಗಳ ಹಿಡಿತ ಸಡಿಲ; ಸಾರಜನಕ ಸೀಳುವುದೇ ಇಲ್ಲ. ಅಂಟಿನ ಬಲವನ್ನು ಅಡ್ಡಕ್ಕೂ ಕ್ರಿಯೆಯ ವೇಗವನ್ನು ಉದ್ದಕ್ಕೂ ಗುರುತಿಸಿದರೆ ಎರಡೂ ಕಡೆಯಿಂದ ಏರಿ ನಡುವೆ ಕೂಡುವ ಗೆರೆ ಬರುತ್ತದೆ. ಅದರ ಆಕಾರ ನೋಡಿ ಜ್ವಾಲಾಮುಖಿ ನಕ್ಷೆ ಎಂದು ಹೆಸರಿಟ್ಟಿದ್ದಾರೆ. ಅಮೋನಿಯಾದ ನಕ್ಷೆಯಲ್ಲಿ ತುದಿಯ ಹತ್ತಿರ ಕೂತಿರುವವು ಕಬ್ಬಿಣ ಮತ್ತು ರುಥೇನಿಯಂ. ತಾವರೆ ಎಲೆಯ ಮೇಲಿನ ನೀರಿನಂತೆ ಅಂಟಿಯೂ ಅಂಟದಂತಿರುವ ಗುಣಕ್ಕೆ ಒಂದು ಸಂಖ್ಯೆ ಕೊಟ್ಟದ್ದು, ಮತ್ತು ಆ ಸಂಖ್ಯೆ ಎಲ್ಲಿಂದ ಬರುತ್ತದೆಂದು ವಿವರಿಸಿದ್ದು ನೋರ್ಸ್ಕೋವ್ ಬಳಗದ ದೊಡ್ಡ ಕೆಲಸ.

ಎಲ್ಲಿಂದ ಬರುತ್ತದೆ? 1995ರಲ್ಲಿ ಬ್ಯೋರ್ಕ್ ಹ್ಯಾಮರ್ ಮತ್ತು ನೋರ್ಸ್ಕೋವ್ ಬರೆದ ಒಂದು ಪುಟ್ಟ ಪ್ರಬಂಧ ಚಿನ್ನದ ಬಗ್ಗೆ ಇತ್ತು. ಚಿನ್ನ ತುಕ್ಕು ಹಿಡಿಯುವುದಿಲ್ಲ, ಕಪ್ಪಾಗುವುದಿಲ್ಲ ಎಂಬುದು ಮನೆಮನೆಗೂ ಗೊತ್ತು. ಅಜ್ಜಿಯ ಸರ ಮೊಮ್ಮಗಳ ಕೊರಳಿಗೆ ಹೊಳಪು ಮಾಸದೆ ಬರುತ್ತದೆ. ಆದರೆ ಏಕೆ? ಅವರ ಉತ್ತರವನ್ನು ಹೀಗೆ ಕಲ್ಪಿಸಿಕೊಳ್ಳಬಹುದು. ಒಂದು ಕೆರೆ, ಅದಕ್ಕೆ ಇಳಿಯುವ ಮೆಟ್ಟಿಲು. ಎಲೆಕ್ಟ್ರಾನುಗಳೇ ನೀರು, ಅವು ಕೆಳಗಿನಿಂದ ಒಂದು ಮಟ್ಟದ ತನಕ ತುಂಬಿರುತ್ತವೆ. ಹೊರಗಿನ ಪರಮಾಣುವೊಂದು ಲೋಹದ ಹತ್ತಿರ ಬಂದಾಗ ಎರಡು ಹೊಸ ಮೆಟ್ಟಿಲು ಹುಟ್ಟುತ್ತವೆ. ಕೆಳಗಿನದು ಇಬ್ಬರನ್ನು ಕೂಡಿಸುವಂಥದು, ಮೇಲಿನದು ಬಿಡಿಸುವಂಥದು. ಕೆಳಗಿನ ಮೆಟ್ಟಿಲು ಹೇಗಿದ್ದರೂ ಮುಳುಗಿರುತ್ತದೆ. ಮೇಲಿನ ಮೆಟ್ಟಿಲೂ ಮುಳುಗಿದರೆ ಕೂಡಿಸಿದ್ದನ್ನು ಅದು ಬಿಡಿಸಿಬಿಡುತ್ತದೆ; ಒಣಗಿ ಉಳಿದರೆ ಬಂಧ ಗಟ್ಟಿ. ಮೆಟ್ಟಿಲು ಎಷ್ಟು ಮೇಲೆ ಹುಟ್ಟುತ್ತದೆ ಎಂಬುದು ಲೋಹದ 'ಡಿ' ಎಂಬ ಗುಂಪಿನ ಎಲೆಕ್ಟ್ರಾನುಗಳ ಸರಾಸರಿ ಶಕ್ತಿಯ ಮೇಲೆ ನಿಂತಿದೆ. ಇದಕ್ಕೆ ಡಿ-ಪಟ್ಟಿಯ ಕೇಂದ್ರ ಎನ್ನುತ್ತಾರೆ. ಕಬ್ಬಿಣದಲ್ಲಿ ಆ ಕೇಂದ್ರ ಮೇಲಿದೆ, ಬಿಡಿಸುವ ಮೆಟ್ಟಿಲು ನೀರಿನಿಂದ ಹೊರಗೆ. ಚಿನ್ನದಲ್ಲಿ ಅದು ಬಹಳ ಕೆಳಗೆ, ಎರಡೂ ಮೆಟ್ಟಿಲು ಮುಳುಗಿವೆ. ಜೊತೆಗೆ ಚಿನ್ನದ ಡಿ ಕಕ್ಷಕಗಳು, ಅಂದರೆ ಆ ಎಲೆಕ್ಟ್ರಾನುಗಳು ಇರುವ ಜಾಗಗಳು, ಹರಡಿಕೊಂಡಿರುವುದರಿಂದ ಹತ್ತಿರ ಬಂದದ್ದನ್ನು ಇನ್ನಷ್ಟು ದೂಡುತ್ತವೆ.

ಇದನ್ನು ಮೊದಲ ಸಲ ಅರ್ಥ ಮಾಡಿಕೊಂಡಾಗ ನನಗೆ ಆದ ಸಂತೋಷವನ್ನು ಮರೆತಿಲ್ಲ. ಆವರ್ತ ಕೋಷ್ಟಕದ ನಡುಭಾಗದಲ್ಲಿ ಎಡದಿಂದ ಬಲಕ್ಕೆ ಹೋದಂತೆ ಲೋಹಗಳು ಏಕೆ ಜಿಗುಟುತನ ಕಳೆದುಕೊಳ್ಳುತ್ತವೆ ಎಂದು ಪುಟಗಟ್ಟಲೆ ಉರುಹೊಡೆದಿದ್ದೆವು. ಇಲ್ಲಿ ಒಂದೇ ಸಂಖ್ಯೆ ಅಷ್ಟನ್ನೂ ಒಂದು ದಾರಕ್ಕೆ ಪೋಣಿಸಿತ್ತು.

ಅಂಚಿನಲ್ಲಿ ನಡೆಯುವ ಕೆಲಸ

ಅಂಟಿನ ಕಥೆಗೆ ಅಂಚಿನ ಕಥೆ ಸೇರಿದ್ದು 1999ರಲ್ಲಿ. ರುಥೇನಿಯಂನ ಹರಳನ್ನು ಎಷ್ಟೇ ನಯವಾಗಿ ಕತ್ತರಿಸಿದರೂ ಅದರ ಮೇಲ್ಮೈ ಪೂರ್ತಿ ಚಪ್ಪಟೆಯಾಗಿರುವುದಿಲ್ಲ. ಮಲೆನಾಡಿನ ಇಳಿಜಾರಿನ ಗದ್ದೆಗಳಂತೆ ಒಂದಿಷ್ಟು ಸಮತಟ್ಟು, ಆಮೇಲೆ ಒಂದು ಪರಮಾಣುವಿನಷ್ಟು ಎತ್ತರದ ಮೆಟ್ಟಿಲು, ಮತ್ತೆ ಸಮತಟ್ಟು. ಮೆಟ್ಟಿಲ ಅಂಚಿನಲ್ಲಿರುವ ಪರಮಾಣುಗಳು ಒಟ್ಟು ಮೇಲ್ಮೈಯ ನೂರರಲ್ಲಿ ಒಂದೆರಡು ಪಾಲು ಮಾತ್ರ. ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಇಬ್ ಚಾರ್ಕೆಂಡಾರ್ಫ್ ಅವರ ಪ್ರಯೋಗದ ಗುಂಪು ಮತ್ತು ನೋರ್ಸ್ಕೋವ್ ಅವರ ಲೆಕ್ಕದ ಗುಂಪು ಒಟ್ಟಾಗಿ ಕೇಳಿದ ಪ್ರಶ್ನೆ ಇದು: ಸಾರಜನಕ ಸೀಳುವುದು ಬಯಲಿನಲ್ಲೋ, ಅಂಚಿನಲ್ಲೋ?

ಪರೀಕ್ಷಿಸಿದ ಬಗೆ ನನಗೆ ಬಹಳ ಮೆಚ್ಚುಗೆಯಾದದ್ದು. ಹರಳಿನ ಮೇಲೆ ಅತಿ ಸ್ವಲ್ಪ ಚಿನ್ನವನ್ನು ಆವಿಯಾಗಿ ಇಳಿಸಿದರು. ಇಡೀ ಮೇಲ್ಮೈಯನ್ನು ಒಂದು ಪದರ ಮುಚ್ಚಲು ಬೇಕಾದುದರಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ. ಚಿನ್ನದ ಪರಮಾಣುಗಳು ಸರಿದಾಡಿ ಹೋಗಿ ಅಂಚಿನಲ್ಲೇ ಸಾಲಾಗಿ ಕೂತವು. ಬಯಲು ಹಾಗೆಯೇ ತೆರೆದಿತ್ತು. ಆದರೆ ಸಾರಜನಕದ ಸೀಳುವಿಕೆ ಬಹುತೇಕ ನಿಂತೇಹೋಯಿತು. 500 ಕೆಲ್ವಿನ್‌ನಲ್ಲಿ ಅಂಚಿನ ವೇಗ ಬಯಲಿನ ವೇಗಕ್ಕಿಂತ ಕನಿಷ್ಠ ನೂರು ಕೋಟಿ ಪಟ್ಟು ಹೆಚ್ಚು ಎಂದು ತೇಲಿತು. ಕಂಪ್ಯೂಟರಿನ ಲೆಕ್ಕವೂ ಅದನ್ನೇ ಹೇಳಿತು: ಅಂಚಿನಲ್ಲಿ ಏರು 1.5 ಎಲೆಕ್ಟ್ರಾನ್ ವೋಲ್ಟಿನಷ್ಟು ಕಡಿಮೆ. ಕಾರಣ ಎರಡು. ಅಂಚಿನ ಪರಮಾಣುವಿಗೆ ಅಕ್ಕಪಕ್ಕದ ನೆಂಟರು ಕಡಿಮೆ, ಹಾಗಾಗಿ ಅದರ ಡಿ-ಪಟ್ಟಿಯ ಕೇಂದ್ರ ಮೇಲೇರಿ ಅಂಟು ಹೆಚ್ಚುತ್ತದೆ. ಎರಡನೆಯದು ಜಾಗದ ಆಕಾರ. ಮೆಟ್ಟಿಲ ಬುಡದಲ್ಲಿ ಸೀಳುತ್ತಿರುವ ಅಣುವಿನ ಎರಡು ತುದಿಗಳನ್ನು ಮೇಲಿನ ಮತ್ತು ಕೆಳಗಿನ ಪದರದ ಐದು ಪರಮಾಣುಗಳು ಹಂಚಿಕೊಂಡು ಹಿಡಿಯಬಲ್ಲವು. ಬಯಲಿನಲ್ಲಿ ಎರಡೂ ತುದಿಗಳು ಒಂದೇ ಲೋಹದ ಪರಮಾಣುವಿಗೆ ಜೋತುಬಿದ್ದು ಇಕ್ಕಟ್ಟಾಗುತ್ತದೆ.

ಅಂದರೆ ಕೈಯಲ್ಲಿ ಹಿಡಿದ ಕ್ರಿಯಾವರ್ಧಕದ ಬಹುಪಾಲು ಸುಮ್ಮನೆ ಇರುತ್ತದೆ. ದುಡಿಯುವುದು ಅಂಚಿನ ಬೆರಳೆಣಿಕೆಯ ಪರಮಾಣುಗಳು. ಮಿಟ್ಟಾಶ್ ಸಾವಿರಾರು ಮಾದರಿಗಳಲ್ಲಿ ಕುರುಡಾಗಿ ತಡಕಿದ್ದು ಇಂಥ ಜಾಗಗಳನ್ನೇ.

ಅಲ್ಲಿಂದ ಮುಂದೆ ಕೆಲಸ ಚುರುಕಾಯಿತು. 2001ರಲ್ಲಿ ಜ್ವಾಲಾಮುಖಿ ನಕ್ಷೆಯನ್ನು ಮುಂದಿಟ್ಟುಕೊಂಡು ಒಂದು ಸರಳ ಯೋಚನೆ ಮಾಡಿದರು: ಬಿಗಿ ಹಿಡಿತದ ಮಾಲಿಬ್ಡಿನಂ, ಸಡಿಲ ಹಿಡಿತದ ಕೋಬಾಲ್ಟ್ ಎರಡನ್ನೂ ಪಕ್ಕಪಕ್ಕ ಕೂರಿಸಿದರೆ ಹಿಡಿತ ನಡುವಿಗೆ ಬರಬೇಕಲ್ಲವೇ? ಇವೆರಡೂ ಸಾರಜನಕದೊಂದಿಗೆ ಕೂಡಿದ ಸಂಯುಕ್ತವನ್ನು, ಅಂದರೆ ನೈಟ್ರೈಡನ್ನು, ಮಾಡಿ ನೋಡಿದಾಗ ಅದು ಚುರುಕಾದ ಅಮೋನಿಯಾ ಕ್ರಿಯಾವರ್ಧಕವಾಯಿತು. ಬಿಡಿಬಿಡಿಯಾಗಿ ಎರಡೂ ಆ ಕೆಲಸಕ್ಕೆ ಬಾರದವು. 2005ರಲ್ಲಿ ಕಾರೊಲಿನಾ ಹೊಂಕಾಲಾ ಮತ್ತು ಸಂಗಡಿಗರು ರುಥೇನಿಯಂ ಕಣಗಳ ಮೇಲಿನ ಅಮೋನಿಯಾ ತಯಾರಿಕೆಯ ವೇಗವನ್ನು ಮೂಲದಿಂದಲೇ ಲೆಕ್ಕ ಹಾಕಿದರು. ಪ್ರಯೋಗದಿಂದ ತೆಗೆದುಕೊಂಡದ್ದು ಸೂಕ್ಷ್ಮದರ್ಶಕದಲ್ಲಿ ಅಳೆದ ಕಣಗಳ ಗಾತ್ರವನ್ನು ಮಾತ್ರ. ಲೆಕ್ಕಕ್ಕೂ ಪ್ರಯೋಗಕ್ಕೂ 3ರಿಂದ 20 ಪಟ್ಟಿನ ವ್ಯತ್ಯಾಸವಿತ್ತು. 20 ಪಟ್ಟು ಎಂದರೆ ಅಷ್ಟೊಂದು ತಪ್ಪೇ ಎನಿಸಬಹುದು. ಅಂಚಿಗೂ ಬಯಲಿಗೂ ನೂರು ಕೋಟಿ ಪಟ್ಟು ವ್ಯತ್ಯಾಸವಿರುವ ಲೋಕದಲ್ಲಿ ಅದು ಗುರಿಯ ಬಹಳ ಹತ್ತಿರ.

ಅಮೋನಿಯಾದಿಂದ ಆಚೆಗೆ ಹೋದಾಗಲೂ ಅಂಟು ಮತ್ತು ಅಂಚುಗಳೇ ಅವರ ಕೈ ಹಿಡಿದವು. ನೀರಿನಿಂದ ವಿದ್ಯುತ್ ಬಳಸಿ ಜಲಜನಕ ತೆಗೆಯಲು ಅತ್ಯುತ್ತಮ ಲೋಹ ಪ್ಲಾಟಿನಂ. ಬೆಲೆ ಮಾತ್ರ ಕೈಗೆಟುಕದು. ಜಲಜನಕವನ್ನು ಪ್ಲಾಟಿನಂನಷ್ಟೇ ಹದವಾಗಿ ಹಿಡಿಯುವ ಅಗ್ಗದ ವಸ್ತು ಯಾವುದು ಎಂದು ಹುಡುಕುತ್ತ ನೋರ್ಸ್ಕೋವ್ ಬಳಗ ಪ್ರಕೃತಿಯ ಕಿಣ್ವಗಳತ್ತ ನೋಡಿತು. ಸಾರಜನಕ ಸ್ಥಿರೀಕರಿಸುವ ಬ್ಯಾಕ್ಟೀರಿಯಾಗಳ ನೈಟ್ರೋಜಿನೇಸ್ ಕಿಣ್ವದ ಗರ್ಭದಲ್ಲಿ ಕಬ್ಬಿಣ, ಮಾಲಿಬ್ಡಿನಂ, ಗಂಧಕಗಳಿವೆ. ಆ ರಚನೆಯನ್ನು ಹೋಲುವ ಮೂಲೆಯೊಂದು ಮಾಲಿಬ್ಡಿನಂ ಸಲ್ಫೈಡಿನ ಅಂಚಿನಲ್ಲಿದೆ ಎಂದು ಅವರ ಕಣ್ಣಿಗೆ ಬಿತ್ತು. ಅದು ಯಂತ್ರಗಳಿಗೆ ಕೀಲೆಣ್ಣೆಯಂತೆ ಬಳಸುವ, ಪೆಟ್ರೋಲಿಯಂನಿಂದ ಗಂಧಕ ತೆಗೆಯಲು ಬಳಸುವ ಕಪ್ಪು ಪುಡಿ. ಈ ಕೆಲಸಕ್ಕೆ ಪ್ರಯೋಜನವಿಲ್ಲವೆಂದು ಪಕ್ಕಕ್ಕಿಟ್ಟಿದ್ದ ವಸ್ತು. 2005ರ ಲೆಕ್ಕ ಹೇಳಿತು: ಬಯಲು ನಿಷ್ಪ್ರಯೋಜಕ, ಅಂಚು ಪ್ಲಾಟಿನಂಗೆ ಸಮೀಪ. 2007ರಲ್ಲಿ ಥಾಮಸ್ ಹರಾಮಿಯೋ, ಚಾರ್ಕೆಂಡಾರ್ಫ್ ಮತ್ತಿತರರು ಚಿನ್ನದ ಮೇಲೆ ಆ ಪುಡಿಯ ಅತಿ ಸಣ್ಣ ಚಕ್ಕೆಗಳನ್ನು ಬೆಳೆಸಿ, ಸೂಕ್ಷ್ಮದರ್ಶಕದಲ್ಲಿ ಚಕ್ಕೆಗಳ ವಿಸ್ತೀರ್ಣವನ್ನೂ ಅಂಚಿನ ಉದ್ದವನ್ನೂ ಬೇರೆಬೇರೆಯಾಗಿ ಅಳೆದರು. ಹೊರಬಂದ ಜಲಜನಕ ವಿಸ್ತೀರ್ಣಕ್ಕೆ ಹೊಂದಲಿಲ್ಲ, ಅಂಚಿನ ಉದ್ದಕ್ಕೆ ಹೊಂದಿತು. ಲೆಕ್ಕ ಮೊದಲು ಹೇಳಿ ಪ್ರಯೋಗ ಆಮೇಲೆ ದೃಢಪಡಿಸಿದ ಉದಾಹರಣೆಗಳಲ್ಲಿ ಇದರಷ್ಟು ಶುದ್ಧವಾದದ್ದು ಕಡಿಮೆ.

ಇಷ್ಟಾದರೂ ಎಲ್ಲ ಬಾಗಿಲು ತೆರೆದಿಲ್ಲ. ಕಿರುಬೆರಳನ್ನು ಮಡಿಸಿ ನೋಡಿ, ಉಂಗುರ ಬೆರಳೂ ಅದರೊಂದಿಗೆ ಬಾಗುತ್ತದೆ. ಮೇಲ್ಮೈಗಳಲ್ಲೂ ಹೀಗೆಯೇ. ಇಂಧನ ಕೋಶದಲ್ಲಿ ಆಮ್ಲಜನಕ ನೀರಾಗುವ ದಾರಿಯಲ್ಲಿ ಎರಡು ತಂಗುದಾಣಗಳಿವೆ. ಒಂದರಲ್ಲಿ ಒಂದು ಆಮ್ಲಜನಕ ಮತ್ತು ಒಂದು ಜಲಜನಕ, ಇನ್ನೊಂದರಲ್ಲಿ ಎರಡು ಆಮ್ಲಜನಕ ಮತ್ತು ಒಂದು ಜಲಜನಕ ಲೋಹಕ್ಕೆ ಅಂಟಿರುತ್ತವೆ. ಇವೆರಡರ ಅಂಟಿನ ನಡುವೆ ಆದರ್ಶವಾಗಿ ಇರಬೇಕಾದ ಅಂತರ 2.46 ಎಲೆಕ್ಟ್ರಾನ್ ವೋಲ್ಟ್. ಲೋಹ ಯಾವುದೇ ಇರಲಿ, ಲೆಕ್ಕದಲ್ಲಿ ಬರುವುದು 3.2ರ ಆಸುಪಾಸು. ಒಂದನ್ನು ಸಡಿಲಿಸಿದರೆ ಇನ್ನೊಂದೂ ಸಡಿಲವಾಗುತ್ತದೆ, ಅಂತರ ಹಾಗೇ ಉಳಿಯುತ್ತದೆ. ಪ್ಲಾಟಿನಂ ಹಾಕಿದ ಇಂಧನ ಕೋಶವೂ ವೋಲ್ಟೇಜಿನ ಒಂದು ಪಾಲನ್ನು ಕಳೆದುಕೊಳ್ಳುವುದು ಏಕೆಂದು 2004ರಲ್ಲಿ ನೋರ್ಸ್ಕೋವ್ ಮತ್ತು ಸಂಗಡಿಗರು ತೋರಿಸಿಕೊಟ್ಟ ಮೇಲೆ, ಇಡೀ ಕ್ಷೇತ್ರ ಈ ಜೋಡಿ ಬೆರಳನ್ನು ಬೇರ್ಪಡಿಸುವ ದಾರಿ ಹುಡುಕುತ್ತಿದೆ. ನನ್ನ ದೃಷ್ಟಿಯಲ್ಲಿ ಇದು ಅವರ ಕೊಡುಗೆಗಳಲ್ಲೇ ಬೆಲೆಯುಳ್ಳದ್ದು. ಎಲ್ಲಿ ಹುಡುಕಬೇಕೆಂದು ಹೇಳುವವರು ಸಿಗುತ್ತಾರೆ. ಎಲ್ಲಿ ಎಷ್ಟು ಹುಡುಕಿದರೂ ಸಿಗದು ಎಂದು ಕಾರಣ ಸಮೇತ ಹೇಳುವವರು ವಿರಳ.

2010ರಲ್ಲಿ ನೋರ್ಸ್ಕೋವ್ ಅಮೆರಿಕದ ಸ್ಟ್ಯಾನ್‌ಫರ್ಡ್‌ಗೆ ಹೋಗಿ ಸನ್‌ಕ್ಯಾಟ್ ಎಂಬ ಕೇಂದ್ರವನ್ನು ಕಟ್ಟಿ, 2018ರಲ್ಲಿ ಡೆನ್ಮಾರ್ಕಿಗೆ ಮರಳಿದರು. ಮರಳಿದ ಮರುವರ್ಷ ಪ್ರಕಟವಾದ ಒಂದು ಪ್ರಬಂಧದ ಬಗ್ಗೆ ಹೇಳಲೇಬೇಕು. ಹೇಬರ್-ಬಾಷ್ ವಿಧಾನಕ್ಕೆ 400 ಡಿಗ್ರಿಗೂ ಹೆಚ್ಚಿನ ಶಾಖ, ಭಾರೀ ಒತ್ತಡ ಬೇಕು. ಅದರ ಬದಲು ವಿದ್ಯುತ್ತಿನಿಂದ, ಕೋಣೆಯ ಉಷ್ಣತೆಯಲ್ಲೇ ಅಮೋನಿಯಾ ಮಾಡಿದೆವು ಎಂಬ ವರದಿಗಳು ಆಗ ಒಂದರ ಮೇಲೊಂದು ಬರುತ್ತಿದ್ದವು. ಆದರೆ ಹುಟ್ಟುತ್ತಿದ್ದ ಅಮೋನಿಯಾ ಅತ್ಯಲ್ಪ. ಅಷ್ಟು ಅಮೋನಿಯಾ ಗಾಳಿಯಲ್ಲೂ ನಮ್ಮ ಉಸಿರಿನಲ್ಲೂ ಇರುತ್ತದೆ. ಸುಸಾನ್ ಆಂಡರ್ಸನ್ ಮೊದಲ ಲೇಖಕಿಯಾಗಿ, ನೋರ್ಸ್ಕೋವ್ ಮತ್ತು ಚಾರ್ಕೆಂಡಾರ್ಫ್ ಸಹ ಲೇಖಕರಾಗಿ, ಮಾಮೂಲಿ 14ರ ಬದಲು ಭಾರ 15ರ ಸಾರಜನಕವನ್ನು ಗುರುತಿನ ಚೀಟಿಯಂತೆ ಬಳಸಿ, ಹುಟ್ಟಿದ ಅಮೋನಿಯಾ ನಿಜವಾಗಿ ಒಳಗೆ ಬಿಟ್ಟ ಸಾರಜನಕದಿಂದಲೇ ಬಂದಿದೆಯೇ ಎಂದು ಪರಿಶೀಲಿಸುವ ಕಟ್ಟುನಿಟ್ಟಿನ ಕ್ರಮವನ್ನು ರೂಪಿಸಿದರು. ಆ ಪರೀಕ್ಷೆಯಲ್ಲಿ ಅವರು ನೋಡಿದವುಗಳ ಪೈಕಿ ಲಿಥಿಯಂ ಬಳಸುವ ವಿಧಾನ ಪಾಸಾಯಿತು. ಹೊಸದನ್ನು ಕಂಡುಹಿಡಿದೆವೆಂದು ಹೇಳುವ ಪ್ರಬಂಧಗಳ ನಡುವೆ, ಕಂಡದ್ದು ನಿಜವೇ ಎಂದು ಕೇಳಿದ ಪ್ರಬಂಧಕ್ಕೆ ನಾನು ಹೆಚ್ಚು ಗೌರವ ಕೊಡುತ್ತೇನೆ.

ಈಗ ಈ ಕ್ಷೇತ್ರ ಇನ್ನೊಂದು ತಿರುವಿನಲ್ಲಿದೆ. 2020ರಲ್ಲಿ ಶುರುವಾದ ಓಪನ್ ಕ್ಯಾಟಲಿಸ್ಟ್ ಯೋಜನೆ, ಮೇಲ್ಮೈಗೆ ಅಣುಗಳು ಅಂಟುವ 12 ಲಕ್ಷಕ್ಕೂ ಹೆಚ್ಚು ಲೆಕ್ಕಗಳನ್ನು ಎಲ್ಲರಿಗೂ ತೆರೆದಿಟ್ಟಿತು. ಅವುಗಳಿಂದ ಕಲಿತ ಯಂತ್ರಕಲಿಕೆಯ ಮಾದರಿಗಳು ಗಂಟೆಗಟ್ಟಲೆ ಹಿಡಿಯುತ್ತಿದ್ದ ಉತ್ತರವನ್ನು ಕ್ಷಣಗಳಲ್ಲಿ ಊಹಿಸುತ್ತವೆ. ವೇಗ ಹೆಚ್ಚಿದೆ. ಆದರೆ ಮಾದರಿ ಕಲಿತದ್ದೇ ಆ ಹಳೆಯ ಲೆಕ್ಕಗಳಿಂದ, ಅವುಗಳ 0.1 ಎಲೆಕ್ಟ್ರಾನ್ ವೋಲ್ಟಿನ ಅನಿಶ್ಚಿತತೆಯೂ ಜೊತೆಗೇ ಬಂದಿದೆ.

ನಮ್ಮಲ್ಲಿ

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಪ್ರಾಧ್ಯಾಪಕಿ ಶೋಭನಾ ನರಸಿಂಹನ್ ಇದೇ ಬಗೆಯ ಲೆಕ್ಕಗಳಲ್ಲಿ ಹೆಸರಾದವರು. 2011ರಲ್ಲಿ ಅವರು ಸಹೋದ್ಯೋಗಿಗಳೊಂದಿಗೆ ಪ್ರಕಟಿಸಿದ ಕೆಲಸದ ನಾಯಕಿಯೂ ಚಿನ್ನವೇ. ಗಟ್ಟಿಯಾಗಿದ್ದಾಗ ಯಾವುದಕ್ಕೂ ಅಂಟದ ಚಿನ್ನ, ಇಪ್ಪತ್ತು ಪರಮಾಣುಗಳ ಪುಟ್ಟ ಗೊಂಚಲಾದಾಗ ಕ್ರಿಯಾವರ್ಧಕವಾಗಬಲ್ಲದು. ಗೊಂಚಲು ಗೋಪುರದಂತಿದ್ದರೆ ಒಂದು ಗುಣ, ಹಾಸಿನಂತೆ ಚಪ್ಪಟೆಯಾಗಿದ್ದರೆ ಇನ್ನೊಂದು. ಕೆಳಗಿನ ಮೆಗ್ನೀಷಿಯಂ ಆಕ್ಸೈಡಿಗೆ ಚೂರು ಅಲ್ಯೂಮಿನಿಯಂ ಬೆರೆಸಿದರೆ ಗೋಪುರ ತಾನಾಗಿ ಹಾಸಾಗುತ್ತದೆ ಎಂದು ಅವರ ಲೆಕ್ಕ ತೋರಿಸಿತು. ಮೇಲಿನದನ್ನು ಮುಟ್ಟದೆ ಕೆಳಗಿನದನ್ನು ಬದಲಿಸಿ ಆಕಾರವನ್ನು ಆಳುವ ಯೋಚನೆ ಅದು.

ಈ ದಾರಿಗೆ ಬರುವ ಹುಡುಗ ಹುಡುಗಿಯರು ರಸಾಯನಶಾಸ್ತ್ರದಿಂದಲೂ ಬರುತ್ತಾರೆ, ಭೌತಶಾಸ್ತ್ರದಿಂದಲೂ ಬರುತ್ತಾರೆ. ಕ್ವಾಂಟಂ ಯಂತ್ರಶಾಸ್ತ್ರ, ಉಷ್ಣಬಲ ವಿಜ್ಞಾನ, ಒಂದಿಷ್ಟು ಪೈಥಾನ್, ಲಿನಕ್ಸ್ ಕಂಪ್ಯೂಟರಿನ ಪರಿಚಯ, ಇಷ್ಟು ಸಾಕು ಶುರುಮಾಡಲು. ದೊಡ್ಡ ಲೆಕ್ಕಗಳಿಗೆ ಭಾರತೀಯ ವಿಜ್ಞಾನ ಸಂಸ್ಥೆಯ ಪರಮ್ ಪ್ರವೇಗದಂಥ ಸೂಪರ್ ಕಂಪ್ಯೂಟರ್ ಬೇಕು. ಮೊದಲ ಲೆಕ್ಕಕ್ಕೆ ಮನೆಯ ಲ್ಯಾಪ್‌ಟಾಪ್ ಆಗುತ್ತದೆ. ಡೆನ್ಮಾರ್ಕಿನ ಅದೇ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಎಎಸ್‌ಇ, ಜಿಪಿಎಡಬ್ಲ್ಯು ಎಂಬ ಪ್ರೋಗ್ರಾಮುಗಳನ್ನು ಯಾರು ಬೇಕಾದರೂ ಹಣ ಕೊಡದೆ ಇಳಿಸಿಕೊಳ್ಳಬಹುದು.

ಮೊದಲ ಲೆಕ್ಕ ಯಾವುದಿರಲಿ ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಸಾರಜನಕದ ಒಂಟಿ ಅಣು. ಕೆಲವು ನಿಮಿಷಗಳ ಕೆಲಸ. ಅಣುವಿನ ಶಕ್ತಿ ಲೆಕ್ಕ ಹಾಕಿ, ಬಿಡಿ ಪರಮಾಣುಗಳದ್ದನ್ನೂ ಹಾಕಿ, ಕಳೆಯಿರಿ. ಪ್ರಯೋಗದ ಉತ್ತರ 9.9 ಎಲೆಕ್ಟ್ರಾನ್ ವೋಲ್ಟಿನ ಹತ್ತಿರ. ದಟ್ಟಣೆಯಿಂದ ಶಕ್ತಿಯನ್ನು ಅಂದಾಜಿಸಲು ಹೆಚ್ಚು ಬಳಕೆಯಲ್ಲಿರುವ ಪಿಬಿಇ ಎಂಬ ಸೂತ್ರದಲ್ಲಿ ನಿಮಗೆ ಬರುವುದು 10.5ರ ಸುತ್ತಮುತ್ತ. ನಿಮ್ಮ ಕೈಯಲ್ಲಿ ತಪ್ಪಾಗಿಲ್ಲ, ಆ ಸೂತ್ರವೇ ಬಂಧಗಳನ್ನು ಸ್ವಲ್ಪ ಹೆಚ್ಚು ಬಿಗಿ ಮಾಡುತ್ತದೆ. ಮೇಲ್ಮೈಗೆ ಅಂಟುವ ಅಣುಗಳಲ್ಲೂ ಇದೇ ಬಿಗಿ ಕಂಡುಬಂದದ್ದರಿಂದ, 1999ರಲ್ಲಿ ಹ್ಯಾಮರ್, ಹ್ಯಾನ್ಸೆನ್ ಮತ್ತು ನೋರ್ಸ್ಕೋವ್ ಸೂತ್ರವನ್ನು ತುಸು ಸಡಿಲಿಸಿ ಆರ್‌ಪಿಬಿಇ ಎಂಬ ಹೊಸ ರೂಪ ಕೊಟ್ಟರು. ಅದೇ ಫೈಲಿನಲ್ಲಿ ಸೂತ್ರದ ಹೆಸರಿಗೆ ಒಂದು ಅಕ್ಷರ ಸೇರಿಸಿ ಲೆಕ್ಕವನ್ನು ಮತ್ತೆ ಓಡಿಸಿದರೆ, ಉತ್ತರ 9.9ರ ಕಡೆಗೆ ಸರಿಯುವುದನ್ನು ಕಣ್ಣಾರೆ ನೋಡಬಹುದು.